ಕರಾಟೆ ಬ್ಲ್ಯಾಕ್ ಬೆಲ್ಟ್ ಕಿಕ್‌ಬಾಕ್ಸಿಂಗ್ ರಿಂಗ್‌ಗೆ ಇಳಿದರೆ ಏನಾಗುತ್ತದೆ?

ತಲೆಗೆ ಒದೆ ತಿಂದು ಪ್ರಜ್ಞೆ ತಪ್ಪಿ ಬಿದ್ದವನಿಗೆ ಚಿನ್ನದ ಪದಕ, ಒದ್ದು ಬೀಳಿಸಿದವನಿಗೆ ಬೆಳ್ಳಿ. ಈ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಜೊತೆಗೆ ನಗುವ ಇಮೋಜಿ, ‘ಇದಕ್ಕೆ ಕರಾಟೆ ಅಂತಾರಾ?’ ಎಂಬ ಒಂದು ಸಾಲು.

ವಿಡಿಯೊ ನಕಲಿ ಅಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 2021ರ ಆಗಸ್ಟ್ 7ರಂದು ನಡೆದ ಪುರುಷರ 75 ಕೆ.ಜಿ. ಮೇಲಿನ ವಿಭಾಗದ ಕರಾಟೆ ಫೈನಲ್ ಅದು. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1 ಅಂಕಗಳಿಂದ ಮುಂದಿದ್ದರು. ಆಗ ಅವರು ಬೀಸಿದ ಎತ್ತರದ ಒದೆತಕ್ಕೆ ಇರಾನಿನ ಸಜ್ಜಾದ್ ಗಂಜ್‌ಜಾದೆ ನೆಲಕ್ಕೆ ಬಿದ್ದರು. ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯಬೇಕಾಯಿತು. ತೀರ್ಪುಗಾರರು ಚರ್ಚಿಸಿ, ಮಿತಿ ಮೀರಿದ ಪೆಟ್ಟು ಎಂದು ಹಮೇದಿಯನ್ನೇ ಅನರ್ಹಗೊಳಿಸಿದರು. ಸೌದಿಗೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಆಗಬೇಕಿದ್ದದ್ದು ಕೈತಪ್ಪಿತು.

ಇದೇ ಒದೆತ ಕಿಕ್‌ಬಾಕ್ಸಿಂಗ್ ರಿಂಗಿನಲ್ಲಿ ಬಿದ್ದಿದ್ದರೆ ಪಂದ್ಯ ಅಲ್ಲೇ ಮುಗಿದು ಹಮೇದಿ ಗೆಲ್ಲುತ್ತಿದ್ದರು. ಒದ್ದ ಕಾಲು ಅದೇ, ಬಿದ್ದ ತಲೆ ಅದೇ, ಬೇರೆಯಾದದ್ದು ನಿಯಮ. ಕರಾಟೆ ಕಲಿತವರು ವೃತ್ತಿಪರ ಕಿಕ್‌ಬಾಕ್ಸಿಂಗ್‌ಗೆ ಹೋದಾಗ ಎದುರಾಗುವ ಎಲ್ಲ ತೊಂದರೆಗಳ ಬೇರು ಇಲ್ಲೇ ಇದೆ.

ಕರಾಟೆ ಬಗ್ಗೆ ನಮ್ಮ ಗ್ರೂಪುಗಳಲ್ಲಿ ಎರಡು ಬಗೆಯ ಫಾರ್ವರ್ಡ್ ಓಡಾಡುತ್ತವೆ. ಮೊದಲನೆಯದು, ಕಿಕ್‌ಬಾಕ್ಸರ್ ಒಬ್ಬ ಕರಾಟೆ ಪಟುವನ್ನು ಇಪ್ಪತ್ತು ಸೆಕೆಂಡಿನಲ್ಲಿ ಮಲಗಿಸುವ ತುಣುಕು, ಅಂದರೆ ‘ಕರಾಟೆ ಬರೀ ಡ್ಯಾನ್ಸ್’ ಎಂಬ ವಾದ. ಎರಡನೆಯದು ಇದಕ್ಕೆ ತದ್ವಿರುದ್ಧ: ‘ಬ್ಲ್ಯಾಕ್ ಬೆಲ್ಟ್ ಆದವರ ಕೈ ಮಾರಕ ಆಯುಧ, ಪೊಲೀಸ್ ಠಾಣೆಯಲ್ಲಿ ನೋಂದಣಿ ಮಾಡಿಸಬೇಕು’. ಭಾರತದಲ್ಲಿ ಅಂಥ ಕಾನೂನು ಇಲ್ಲ. (ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಕಾನೂನು ಪುಸ್ತಕದಲ್ಲಿ ಕರಾಟೆ, ಜೂಡೊ ಪರಿಣತರ ನೋಂದಣಿಯ ನಿಯಮ ನಿಜಕ್ಕೂ ಇದೆ! ಆದರೆ ಅದು ಗುವಾಮ್.) ಶಂಕರ್ ನಾಗ್ ಅವರನ್ನು ‘ಕರಾಟೆ ಕಿಂಗ್’ ಎಂದು ಕರೆದ ನಾಡು ನಮ್ಮದು, ಹಾಗಾಗಿ ಎರಡನೇ ಬಗೆಯ ನಂಬಿಕೆ ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ. ಎರಡೂ ಫಾರ್ವರ್ಡ್‌ಗಳು ಮಾಡುವ ತಪ್ಪು ಒಂದೇ. ಯಾವ ನಿಯಮದ ಅಡಿಯಲ್ಲಿ ಎಂದು ಅವು ಕೇಳುವುದೇ ಇಲ್ಲ.

‘ಕರಾಟೆ’ ಎಂಬ ಒಂದೇ ಆಟ ಇಲ್ಲ

ಒಲಿಂಪಿಕ್ಸ್‌ನಲ್ಲಿ ನಾವು ನೋಡಿದ್ದು ಅಂಕಗಳ ಕರಾಟೆ. ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಮ್ಯಾಟ್. ಗುದ್ದಿಗೆ 1 ಅಂಕ, ಹೊಟ್ಟೆ-ಎದೆಯ ಭಾಗಕ್ಕೆ ಒದೆತಕ್ಕೆ 2, ತಲೆಯ ಮಟ್ಟದ ಒದೆತಕ್ಕೆ 3. ಅಂಕ ಬಂದ ಕೂಡಲೇ ರೆಫರಿ ಆಟ ನಿಲ್ಲಿಸಿ, ಇಬ್ಬರನ್ನೂ ಅವರವರ ಜಾಗಕ್ಕೆ ಕಳಿಸಿ, ಮತ್ತೆ ಶುರು ಮಾಡಿಸುತ್ತಾರೆ. ಮುಖಕ್ಕೆ ಹೊಡೆಯುವಾಗ ಕೈಕಾಲನ್ನು ಕೊನೆಯ ಕ್ಷಣದಲ್ಲಿ ಹಿಡಿತದಲ್ಲಿಡಬೇಕು. ಮಿಂಚಿನಂತೆ ಹೋಗಿ ತಟ್ಟಿ ಬರುವ ವೇಗಕ್ಕೆ ಇಲ್ಲಿ ಬೆಲೆ, ಪೆಟ್ಟಿನ ಭಾರಕ್ಕಲ್ಲ. ನಮ್ಮ ಊರುಗಳ ಶಾಲೆ, ಸಮುದಾಯ ಭವನಗಳಲ್ಲಿ ಮಕ್ಕಳು ಕಲಿಯುವುದೂ ಹೆಚ್ಚಾಗಿ ಇದಕ್ಕೆ ಹತ್ತಿರದ್ದನ್ನೇ.

ಇನ್ನೊಂದು ಕರಾಟೆ ಇದೆ, ಕ್ಯೊಕುಶಿನ್. ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ಹೆಸರು ಮಾಡಿದ ಮಾಸುತಾತ್ಸು ಓಯಾಮ ಕಟ್ಟಿದ ಶೈಲಿ. ಇಲ್ಲಿ ತಟ್ಟಿ ಬರುವ ಮಾತೇ ಇಲ್ಲ. ಗ್ಲೌಸ್ ಇಲ್ಲದ ಬರಿಗೈಯಲ್ಲಿ ಎದೆ, ಹೊಟ್ಟೆಗೆ ಪೂರ್ಣ ಶಕ್ತಿಯಿಂದ ಗುದ್ದಬಹುದು, ತೊಡೆಗೆ ಒದೆಯಬಹುದು, ತಲೆಗೂ ಒದೆಯಬಹುದು. ಕೈಯಿಂದ ಮುಖಕ್ಕೆ ಹೊಡೆಯುವುದೊಂದು ಮಾತ್ರ ನಿಷಿದ್ಧ. ಬರಿಗೈಯಲ್ಲಿ ಮುಖಕ್ಕೆ ಪೂರ್ಣ ಬಲದ ಹೊಡೆತ ಬಿಟ್ಟರೆ ಹಲ್ಲು, ದವಡೆ, ಬೆರಳ ಮೂಳೆ ಯಾವುದೂ ಉಳಿಯುವುದಿಲ್ಲವಲ್ಲ!

ಕಿಕ್‌ಬಾಕ್ಸಿಂಗ್‌ನಲ್ಲಿ ಕೈಗೆ ಗ್ಲೌಸ್, ಸುತ್ತ ಹಗ್ಗ. ತಲಾ ಮೂರು ನಿಮಿಷದ ಮೂರು ಸುತ್ತು, ದೊಡ್ಡ ಪಂದ್ಯವಾದರೆ ಐದು ಸುತ್ತು. ಅಂಕ ಬಂತೆಂದು ಯಾರೂ ಆಟ ನಿಲ್ಲಿಸುವುದಿಲ್ಲ. ಮುಖಕ್ಕೆ ಗುದ್ದಬಹುದು. ಈಗ ಹೆಚ್ಚು ಚಾಲ್ತಿಯಲ್ಲಿರುವ ಕೆ-1 ಮಾದರಿಯಲ್ಲಿ ತೊಡೆ, ಮೀನಖಂಡಕ್ಕೂ ಒದೆಯಬಹುದು, ಮೊಣಕಾಲಿನಿಂದಲೂ ಹೊಡೆಯಬಹುದು. ಥಾಯ್ಲೆಂಡಿನ ಮುಯೆಥಾಯ್‌ನಲ್ಲಿ ಇದರ ಜೊತೆಗೆ ಮೊಣಕೈ ಹೊಡೆತ ಮತ್ತು ಎದುರಾಳಿಯ ಕುತ್ತಿಗೆ ಹಿಡಿದು ಹೊಡೆಯುವ ಅವಕಾಶವೂ ಇದೆ.

ನಿಯಮ ಯಾವುದನ್ನು ನಿಷೇಧಿಸುತ್ತದೋ ಅದರ ಭಯ ದೇಹಕ್ಕೆ ಇರುವುದಿಲ್ಲ. ಹದಿನೈದು ವರ್ಷ ಕ್ಯೊಕುಶಿನ್ ಆಡಿದವರ ಕೈಗಳು ಸಹಜವಾಗಿ ಎದೆಯ ಮಟ್ಟದಲ್ಲಿ ಇರುತ್ತವೆ, ಏಕೆಂದರೆ ಕೈ ಹೊಡೆತ ಬರುವುದು ಅಲ್ಲಿಗೇ. ಅವರು ಎದುರಾಳಿಗೆ ಎದೆ ತಾಗುವಷ್ಟು ಹತ್ತಿರ ನಿಂತು ಗುದ್ದುತ್ತಾರೆ. ಅದೇ ದೂರದಲ್ಲಿ ಗ್ಲೌಸ್ ಹಾಕಿದವನೊಬ್ಬ ನಿಂತಿದ್ದರೆ ಮೊದಲ ಹೊಡೆತ ಗಲ್ಲಕ್ಕೆ ಬೀಳುತ್ತದೆ. ಅಂಕಗಳ ಕರಾಟೆಯವರ ಕಷ್ಟ ಬೇರೆ. ಒಂದು ಗುದ್ದು ಹಾಕಿದ ಮೇಲೆ ‘ಈಗ ರೆಫರಿ ನಿಲ್ಲಿಸುತ್ತಾರೆ’ ಎಂದು ದೇಹ ಕಾಯುತ್ತದೆ. ಅರ್ಧ ಸೆಕೆಂಡಿನ ಆ ಬಿಡುವಿನಲ್ಲಿ ಎದುರಾಳಿ ಮೂರು ಹೊಡೆತ ವಾಪಸ್ ಕೊಟ್ಟಿರುತ್ತಾನೆ. ಹೊಡೆಯುವ ಕೈಗೆ ಜೊತೆಯಾಗಿ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವ ಅಭ್ಯಾಸವೂ ಅಷ್ಟೇ. ರಿಂಗಿನಲ್ಲಿ ಅದು ಮುಖದ ಒಂದು ಬದಿಯನ್ನು ಬಾಗಿಲು ತೆಗೆದಂತೆ ತೆರೆದಿಡುತ್ತದೆ.

ಇದು ತಿಳಿವಳಿಕೆಯ ಕೊರತೆ ಅಲ್ಲ. ಕೈ ಮೇಲಿಡಬೇಕೆಂದು ಯಾರಿಗಾದರೂ ಐದು ನಿಮಿಷದಲ್ಲಿ ಹೇಳಿಕೊಡಬಹುದು. ಆದರೆ ದಣಿದಾಗ, ಗಾಬರಿಯಾದಾಗ ದೇಹ ಹಳೆಯ ಅಭ್ಯಾಸಕ್ಕೇ ಮರಳುತ್ತದೆ. ಎಡಬದಿ ಸಂಚಾರದಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದವರು ಅಮೆರಿಕದಲ್ಲಿ ಸ್ಟೀರಿಂಗ್ ಹಿಡಿದರೆ ಖಾಲಿ ರಸ್ತೆಯಲ್ಲಿ ಸರಿಯಾಗೇ ಓಡಿಸುತ್ತಾರೆ. ತಟ್ಟನೆ ಯಾರಾದರೂ ಅಡ್ಡ ಬಂದಾಗ ಕೈ ಯಾವ ಕಡೆ ತಿರುಗುತ್ತದೆ ಎನ್ನುವುದೇ ಪ್ರಶ್ನೆ.

ಬ್ಯಾಂಕಾಕ್‌ನಲ್ಲಿ ಶುರುವಾದ ಕಥೆ

ಕರಾಟೆಯಿಂದ ಕಿಕ್‌ಬಾಕ್ಸಿಂಗ್‌ಗೆ ಹೋಗುವುದು ಹೊಸ ಫ್ಯಾಶನ್ ಏನಲ್ಲ. ಕಿಕ್‌ಬಾಕ್ಸಿಂಗ್ ಹುಟ್ಟಿದ್ದೇ ಆ ದಾರಿಯಲ್ಲಿ.

1964ರ ಫೆಬ್ರುವರಿಯಲ್ಲಿ ಓಯಾಮ ಅವರ ಮೂವರು ಶಿಷ್ಯರು ಬ್ಯಾಂಕಾಕ್‌ನ ಲುಂಪಿನಿ ಕ್ರೀಡಾಂಗಣದಲ್ಲಿ ಮುಯೆಥಾಯ್ ಪಟುಗಳ ಎದುರು ಆಡಿದರು. ತಾದಾಶಿ ನಕಮುರ ಮತ್ತು ಅಕಿಯೊ ಫುಜಿಹಿರ ಗೆದ್ದರು. ಮೂರನೆಯವರಾದ ಕೆಂಜಿ ಕುರೊಸಾಕಿ ಮೊಣಕೈ ಹೊಡೆತಕ್ಕೆ ಸಿಕ್ಕಿ ಸೋತರು. ಜಪಾನಿನ ಕರಾಟೆಯವರು ‘2-1, ನಮ್ಮದೇ ಗೆಲುವು’ ಎಂದು ಸಂಭ್ರಮಿಸಬಹುದಿತ್ತು. ಇತಿಹಾಸದ ದೃಷ್ಟಿಯಿಂದ ಮುಖ್ಯವಾದದ್ದು ಮಾತ್ರ ಆ ಒಂದು ಸೋಲು. ಕುರೊಸಾಕಿ ಊರಿಗೆ ಬಂದು ಗ್ಲೌಸ್ ಆಟಕ್ಕೇ ತಿರುಗಿ, ಟೋಕಿಯೊದಲ್ಲಿ ಮೆಜಿರೊ ಜಿಮ್ ತೆರೆದರು. ಅವರ ಶಿಷ್ಯ ತೊಶಿಯೊ ಫುಜಿವಾರ 1978ರಲ್ಲಿ ಬ್ಯಾಂಕಾಕ್‌ನ ರಾಜದಮ್ನೊನ್ ಕ್ರೀಡಾಂಗಣದ ಪಟ್ಟ ಗೆದ್ದರು. ಥಾಯ್ಲೆಂಡಿನ ಹೊರಗಿನವರೊಬ್ಬರಿಗೆ ಅಂಥ ಪಟ್ಟ ಸಿಕ್ಕಿದ್ದು ಅದೇ ಮೊದಲು. ಅದೇ 1978ರಲ್ಲಿ ಯಾನ್ ಪ್ಲಾಸ್ ಎಂಬುವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದೇ ಮೆಜಿರೊ ಹೆಸರಿನ ಜಿಮ್ ಶುರು ಮಾಡಿದರು. ಕ್ಯೊಕುಶಿನ್‌ನ ತೊಡೆ ಒದೆತ, ಮುಯೆಥಾಯ್‌ನ ರಕ್ಷಣೆ, ಬಾಕ್ಸಿಂಗ್‌ನ ಕೈಗಳು ಸೇರಿ ‘ಡಚ್ ಶೈಲಿ’ ಎಂದು ಇಂದು ಕರೆಯುವ ಕಿಕ್‌ಬಾಕ್ಸಿಂಗ್ ಬೆಳೆದದ್ದು ಇಂಥ ಜಿಮ್‌ಗಳಲ್ಲೇ. ಹಾಗಾಗಿ ಡಚ್ ಕಿಕ್‌ಬಾಕ್ಸರ್ ಕರಾಟೆಯವನನ್ನು ಹೊಡೆಯುವ ತುಣುಕು ಬಂದರೆ ನನಗೆ ಸ್ವಲ್ಪ ನಗು ಬರುತ್ತದೆ. ಹೊಡೆಯುತ್ತಿರುವವನ ಒದೆತದ ತಾತ ಕೂಡ ಕರಾಟೆಯವನೇ.

‘ಕಿಕ್‌ಬಾಕ್ಸಿಂಗ್’ ಎಂಬ ಹೆಸರು ಕೊಟ್ಟವರು ಜಪಾನಿನ ಬಾಕ್ಸಿಂಗ್ ಆಯೋಜಕ ಒಸಾಮು ನೊಗುಚಿ. ಅವರ ಮೊದಲ ಪಂದ್ಯಾವಳಿ ನಡೆದದ್ದು 1966ರ ಏಪ್ರಿಲ್‌ನಲ್ಲಿ, ಒಸಾಕಾದಲ್ಲಿ. ಅವರ ದೊಡ್ಡ ತಾರೆ ತಾದಾಶಿ ಸವಾಮುರ, ಮೂಲತಃ ಕರಾಟೆ ಪಟು. ಅದೇ ವರ್ಷ ಥಾಯ್ ಪಟು ಸಮಾನ್ ಎದುರು ಅವರು 16 ಬಾರಿ ನೆಲಕ್ಕೆ ಬಿದ್ದು ಸೋತರು. ಹದಿನಾರು! ಅದಾದ ಮೇಲೆ ಅವರು ಮುಯೆಥಾಯ್ ಒದೆತಗಳನ್ನು ಎದುರಿಸುವುದನ್ನು ಮೊದಲಿಂದ ಕಲಿತರು. ಮುಂದೆ ಜಪಾನಿನಲ್ಲಿ ಅವರ ಮೇಲೆ ಟೀವಿ ಕಾರ್ಟೂನ್ ಸರಣಿಯೇ ಬರುವಷ್ಟು ಜನಪ್ರಿಯರಾದರು. ಆ ಹದಿನಾರು ಬೀಳುವಿಕೆಯ ವಿಡಿಯೊ ಈಗಿನ ಕಾಲದಲ್ಲಿ ಬಂದಿದ್ದರೆ ಅವರ ಹೆಸರು ಮೀಮ್ ಆಗಿ ಮುಗಿಯುತ್ತಿತ್ತೇನೊ.

ಅಮೆರಿಕದಲ್ಲಿ ಇದೇ ಪ್ರಯೋಗ ಬೇರೆ ರೀತಿ ನಡೆಯಿತು. 1974ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕರಾಟೆಯವರಿಗೆಂದೇ ಗ್ಲೌಸ್ ಹಾಕಿ ಪೂರ್ಣ ಬಲದಿಂದ ಹೊಡೆದಾಡುವ ವಿಶ್ವ ಪಂದ್ಯಾವಳಿ ಏರ್ಪಟ್ಟಿತು. ಜೋ ಲೂಯಿಸ್, ಬಿಲ್ ವಾಲೇಸ್ ಅಂಥವರು ಗೆದ್ದರು. ಆಮೇಲೆ ಆಯೋಜಕರಿಗೆ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಗ್ಲೌಸ್ ಹಾಕಿದ ಕರಾಟೆ ಪಟುಗಳು ಒದೆಯುವುದನ್ನೇ ಕಡಿಮೆ ಮಾಡಿ ಬರೀ ಗುದ್ದಾಡತೊಡಗಿದರು! ಕಾಲೆತ್ತುವುದಕ್ಕೆ ಉಸಿರು ಹೆಚ್ಚು ಬೇಕು, ಕೈ ಬೀಸುವುದು ಸುಲಭ. ಕೊನೆಗೆ ಪ್ರತಿ ಸುತ್ತಿಗೆ ಸೊಂಟದ ಮೇಲೆ ಕನಿಷ್ಠ 8 ಒದೆತ ಹಾಕಲೇಬೇಕು ಎಂಬ ನಿಯಮ ತರಬೇಕಾಯಿತು. ನಿಯಮ ಬದಲಾದರೆ ಹತ್ತಾರು ವರ್ಷದ ಕಲಿಕೆಯೂ ಎಷ್ಟು ಬೇಗ ರೂಪ ಬದಲಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಂಡಿ ಹುಗ್: ಮೂರು ವರ್ಷದ ಪಾಠ

ಈ ದಾಟುವಿಕೆ ಒಬ್ಬ ಮನುಷ್ಯನ ಮೇಲೆ ಏನೇನು ಮಾಡುತ್ತದೆ ಎಂದು ನೋಡಬೇಕಾದರೆ ಸ್ವಿಟ್ಜರ್ಲೆಂಡಿನ ಆಂಡಿ ಹುಗ್ ಅವರ ಕಥೆ ನೋಡಬೇಕು. 1987ರ ಕ್ಯೊಕುಶಿನ್ ವಿಶ್ವ ಪಂದ್ಯಾವಳಿಯ ಫೈನಲ್ ತನಕ ಹೋಗಿದ್ದವರು. ಕಾಲನ್ನು ಮೇಲೆತ್ತಿ ಹಿಮ್ಮಡಿಯನ್ನು ಕೊಡಲಿಯಂತೆ ಎದುರಾಳಿಯ ತಲೆ ಮೇಲೆ ಇಳಿಸುವುದು ಅವರ ವಿಶೇಷ.

ಆ ಹೊತ್ತಿಗೆ ಜಪಾನಿನಲ್ಲಿ ಕಜುಯೊಶಿ ಇಶಿಯಿ ಎಂಬ ಕರಾಟೆ ಗುರು ಕೆ-1 ಎಂಬ ವೃತ್ತಿಪರ ಪಂದ್ಯಾವಳಿ ಕಟ್ಟಿದರು. ಕರಾಟೆ, ಕಿಕ್‌ಬಾಕ್ಸಿಂಗ್, ಕುಂಗ್‌ಫು ಎಲ್ಲವೂ ‘ಕೆ’ ಧ್ವನಿಯಿಂದ ಶುರುವಾಗುವುದರಿಂದ ಆ ಹೆಸರು ಎಂದು ಹೇಳುತ್ತಾರೆ. 1993ರ ಏಪ್ರಿಲ್ 30ರಂದು ಟೋಕಿಯೊದಲ್ಲಿ ನಡೆದ ಮೊದಲ ಗ್ರ್ಯಾಂಡ್ ಪ್ರಿಯನ್ನು ಕ್ರೊಯೇಷಿಯಾದ ಬ್ರಾಂಕೊ ಸಿಕಾಟಿಚ್ ಗೆದ್ದರು. ಒಂದೇ ರಾತ್ರಿ ಮೂರು ಪಂದ್ಯ ಗೆದ್ದವನೇ ಚಾಂಪಿಯನ್.

ಹುಗ್ 1993ರ ಕೊನೆಯಲ್ಲಿ ಗ್ಲೌಸ್ ಹಾಕಿದರು. 1994ರ ಮಾರ್ಚ್‌ನಲ್ಲಿ ಅದೇ ಸಿಕಾಟಿಚ್ ಅವರನ್ನು ಸೋಲಿಸಿದಾಗ ಎಲ್ಲರೂ ಬೆರಗಾದರು. ಮುಂದಿನ ತಿಂಗಳು ಗ್ರ್ಯಾಂಡ್ ಪ್ರಿಯಲ್ಲಿ ಅಮೆರಿಕದ ಪ್ಯಾಟ್ರಿಕ್ ಸ್ಮಿತ್ 19 ಸೆಕೆಂಡಿನಲ್ಲಿ ಹುಗ್ ಅವರನ್ನೇ ಮಲಗಿಸಿದರು. 1995ರಲ್ಲಿ ದಕ್ಷಿಣ ಆಫ್ರಿಕಾದ ಮೈಕ್ ಬರ್ನಾರ್ಡೊ, ಬಾಕ್ಸಿಂಗ್ ಕೈಗಳ ದೊಡ್ಡ ಆಳು, ಎರಡು ಬಾರಿ ಹುಗ್ ಅವರನ್ನು ಸೋಲಿಸಿದರು. ಸೋಲುಗಳಿಗೆಲ್ಲ ಕಾರಣ ಒಂದೇ, ತಲೆಗೆ ಬಂದ ಕೈಗಳು.

1996ರ ಮೇ 6ರಂದು ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲಿ ಎದುರಿಗಿದ್ದವರು ಅದೇ ಬರ್ನಾರ್ಡೊ. ಈ ಬಾರಿ ಹುಗ್ ಕೈಗಳ ವಿನಿಮಯಕ್ಕೆ ನಿಲ್ಲದೆ ಕಾಲುಗಳನ್ನೇ ಗುರಿ ಮಾಡಿದರು, ಕೊನೆಗೆ ಗಿರ್ರನೆ ತಿರುಗಿ ಹಿಮ್ಮಡಿಯಿಂದ ತೊಡೆಗೆ ಒದ್ದು ಬೀಳಿಸಿ ಚಾಂಪಿಯನ್ ಆದರು. ಗೆಲ್ಲಿಸಿದ ಒದೆತ ಅಪ್ಪಟ ಕರಾಟೆಯದ್ದು. ಆದರೆ ಆ ಒದೆತ ಹಾಕುವಷ್ಟು ಹೊತ್ತು ಅವರನ್ನು ನಿಲ್ಲಿಸಿದ್ದು ನಡುವಿನ ಮೂರು ವರ್ಷದಲ್ಲಿ ಕಲಿತ ರಕ್ಷಣೆ. 1994ರ ಹತ್ತೊಂಬತ್ತು ಸೆಕೆಂಡನ್ನು ಮಾತ್ರ ನೋಡಿದವರು ಕರಾಟೆ ಸುಳ್ಳು ಎನ್ನುತ್ತಾರೆ, 1996ರ ಒದೆತ ಮಾತ್ರ ನೋಡಿದವರು ಕರಾಟೆ ಅಜೇಯ ಎನ್ನುತ್ತಾರೆ. ಹುಗ್ 2000ದ ಆಗಸ್ಟ್ 24ರಂದು ರಕ್ತದ ಕ್ಯಾನ್ಸರ್‌ನಿಂದ ಟೋಕಿಯೊದಲ್ಲಿ ತೀರಿಕೊಂಡರು. 35 ವರ್ಷ ವಯಸ್ಸು. ಒದೆ ತಿಂದೇ ಸತ್ತರು ಎಂಬ ಮಾತು ಎಲ್ಲಾದರೂ ಕಂಡರೆ ಅದು ಸುಳ್ಳು.

ಹುಗ್ ಒಬ್ಬರೇ ಅಲ್ಲ. ಬ್ರೆಜಿಲ್‌ನ ಫ್ರಾನ್ಸಿಸ್ಕೊ ಫಿಲ್ಹೊ ಕ್ಯೊಕುಶಿನ್‌ನಿಂದ ಬಂದು 1997ರಲ್ಲಿ ಕೆ-1ನ ತಮ್ಮ ಮೊದಲ ಪಂದ್ಯದಲ್ಲೇ ಹುಗ್ ಅವರನ್ನು ನಾಕ್‌ಔಟ್ ಮಾಡಿದರು, ಅದೂ ಕೈಯಿಂದ. ನೆದರ್‌ಲೆಂಡ್ಸ್‌ನ ಸೆಮ್ಮಿ ಶಿಲ್ಟ್ ಆಶಿಹಾರ ಕರಾಟೆಯವರು. 2005, 2006, 2007 ಮತ್ತು 2009ರಲ್ಲಿ ಕೆ-1 ಗ್ರ್ಯಾಂಡ್ ಪ್ರಿ ಗೆದ್ದರು (212 ಸೆಂಟಿಮೀಟರ್ ಎತ್ತರವೂ ಸಹಾಯ ಮಾಡಿತು ಅನ್ನಿ). ಜಪಾನಿನ ತೆನ್ಶಿನ್ ನಸುಕಾವ ಐದನೇ ವಯಸ್ಸಿನಲ್ಲಿ ಕರಾಟೆ ಶುರು ಮಾಡಿ, ಕಿಕ್‌ಬಾಕ್ಸಿಂಗ್‌ನಲ್ಲಿ ಒಂದೂ ಸೋಲಿಲ್ಲದೆ ಹೊರಬಂದರು. 2018ರ ಡಿಸೆಂಬರ್ 31ರಂದು ಫ್ಲಾಯ್ಡ್ ಮೇವೆದರ್ ಅವರನ್ನು ಒಂದೇ ಸುತ್ತಿನಲ್ಲಿ ಅಳಿಸಿದ ವಿಡಿಯೊ ನೀವು ನೋಡಿರುತ್ತೀರಿ. ಅದು ಒದೆತವೇ ಇಲ್ಲದ ಬಾಕ್ಸಿಂಗ್ ಪ್ರದರ್ಶನ ಪಂದ್ಯ, ತೂಕದಲ್ಲೂ ಅಜಗಜಾಂತರ. ಅದನ್ನು ‘ಕಿಕ್‌ಬಾಕ್ಸರ್‌ಗಿಂತ ಬಾಕ್ಸರ್ ಮೇಲು’ ಎಂದು ಹಂಚಿದವರು ನಿಯಮವನ್ನು ಮತ್ತೆ ಮರೆತರು.

ಕರಾಟೆಯಿಂದ ಬಂದವರಿಗೆ ಏನು ಉಳಿಯುತ್ತದೆ? ದೂರದ ಅಂದಾಜು, ಎದುರಾಳಿ ಹೆಜ್ಜೆ ಇಡುವ ಕ್ಷಣದಲ್ಲೇ ಹೊಡೆಯುವ ಗುಣ, ಬಾಕ್ಸಿಂಗ್ ಕಡೆಯಿಂದ ಬಂದವರು ಕಂಡೇ ಇರದ ಕೋನಗಳಿಂದ ಬರುವ ಒದೆತಗಳು. ಕ್ಯೊಕುಶಿನ್‌ನವರಿಗೆ ಹೊಟ್ಟೆಯ ಮೇಲೆ ಪೆಟ್ಟು ತಡೆದುಕೊಳ್ಳುವ ಗಟ್ಟಿತನ ಕೂಡ.

ಕಾಲಿನ ಮೂಳೆ, ಗಾಜಿನ ಬಾಟಲಿ

ಅಂಕಗಳ ಕರಾಟೆಯವರು ಕಾಲುಗಳನ್ನು ಅಗಲಿಸಿ, ಮುಂದಿನ ಕಾಲಿನ ಮೇಲೆ ಭಾರ ಹಾಕಿ, ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಒಳಗೆ ನುಗ್ಗಲು ಅದು ಒಳ್ಳೆಯ ನಿಲುವು. ತೊಡೆಗೆ ಒದೆಯುವ ಆಟದಲ್ಲಿ ಆ ಮುಂದಿನ ಕಾಲು ಸುಲಭದ ಗುರಿ. ಹೊರತೊಡೆಗೆ ಅಥವಾ ಮೊಣಕಾಲಿನ ಹೊರಬದಿಯ ಕೆಳಗಿನ ನರದ ಮೇಲೆ ನಾಲ್ಕೈದು ಒದೆ ಬಿದ್ದರೆ ಕಾಲು ಮರಗಟ್ಟಿ ಊರಲಾಗುವುದಿಲ್ಲ. ಇದನ್ನು ತಡೆಯಲು ಕಾಲೆತ್ತಿ ಮುಂಗಾಲ ಮೂಳೆಯನ್ನೇ ಅಡ್ಡ ಕೊಡಬೇಕು. ಹಾಗೆ ಅಡ್ಡ ಕೊಟ್ಟಾಗ ಒದ್ದವನ ಮೂಳೆಯೇ ಮುರಿಯುವುದೂ ಉಂಟು.

ಇಲ್ಲಿಗೆ ಬಂದಾಗ ಮತ್ತೊಂದು ಫಾರ್ವರ್ಡ್ ಹಾಜರಾಗುತ್ತದೆ. ಮುಂಗಾಲ ಮೇಲೆ ಗಾಜಿನ ಬಾಟಲಿ, ಲಟ್ಟಣಿಗೆ ಉರುಳಿಸಿದರೆ, ಕೋಲಿನಿಂದ ಬಡಿದರೆ ಮೂಳೆ ಕಬ್ಬಿಣವಾಗುತ್ತದಂತೆ. ಮೂಳೆ ಜೀವಂತ ಅಂಗಾಂಶ, ಅದರ ಮೇಲೆ ಪದೇ ಪದೇ ಭಾರ ಬಿದ್ದರೆ ನಿಧಾನವಾಗಿ ಗಟ್ಟಿಯಾಗುವುದು ನಿಜ. ಆದರೆ ಅದು ಓಟ, ಜಿಗಿತ, ಭಾರವಾದ ಚೀಲಕ್ಕೆ ಒದೆಯುವಂಥ ಅಭ್ಯಾಸದಿಂದ ತಿಂಗಳು, ವರ್ಷಗಳಲ್ಲಿ ಆಗುವ ಕೆಲಸ. ಬಾಟಲಿಯಿಂದ ಸಿಗುವುದು ಮೂಳೆಯ ಹೊರಪದರದ ಊತ, ನೋವು ಮತ್ತು ಚರ್ಮದ ಗಾಯ. ಮೂಳೆಗೆ ಕೂದಲೆಳೆಯ ಬಿರುಕು ಬಿದ್ದಿದ್ದರೆ ಅದರ ಮೇಲೆ ಬಡಿಯುವುದು ಅಪಾಯಕಾರಿ.

ಗ್ಲೌಸ್ ಕಾಪಾಡುವುದು ಯಾರನ್ನು?

‘ಕರಾಟೆಯಲ್ಲಿ ಬರಿಗೈ, ಕಿಕ್‌ಬಾಕ್ಸಿಂಗ್‌ನಲ್ಲಿ ಮೆತ್ತನೆಯ ಗ್ಲೌಸ್. ಹಾಗಾದರೆ ಕಿಕ್‌ಬಾಕ್ಸಿಂಗ್ ಹೆಚ್ಚು ಸುರಕ್ಷಿತ ಅಲ್ಲವೇ?’ ತುಂಬ ಪೋಷಕರು ಕೇಳುವ ಪ್ರಶ್ನೆ ಇದು. ಉತ್ತರ, ಅಲ್ಲ. ಗ್ಲೌಸ್ ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಕೈಮೂಳೆಗಳನ್ನು. ಬರಿಗೈಯಲ್ಲಿ ತಲೆಬುರುಡೆಗೆ ಗುದ್ದಿದರೆ ಬೆರಳ ಬುಡದ ಮೂಳೆ ಮುರಿಯುವ ಭಯ ಇರುತ್ತದೆ, ಹಾಗಾಗಿ ಮನುಷ್ಯ ತಡೆದು ಹೊಡೆಯುತ್ತಾನೆ. ಗ್ಲೌಸ್ ಆ ಭಯ ತೆಗೆಯುತ್ತದೆ. ಎದುರಿನವನ ಮುಖದಲ್ಲಿ ರಕ್ತ ಕಡಿಮೆ, ಆದರೆ ತಲೆಗೆ ಬೀಳುವ ಹೊಡೆತಗಳ ಸಂಖ್ಯೆ ಹೆಚ್ಚು.

ನಾಕ್‌ಔಟ್ ಆಗುವುದು ಹೇಗೆ? ಮೆದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮೆತ್ತನೆಯ ಅಂಗ. ಗಲ್ಲದ ತುದಿಗೆ ಪಕ್ಕದಿಂದ ಹೊಡೆತ ಬಿದ್ದಾಗ ತಲೆ ತಟ್ಟನೆ ತಿರುಗುತ್ತದೆ, ಮೆದುಳು ಹಿಂದುಳಿದು ಆಮೇಲೆ ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯಲ್ಲಿ ನರತಂತುಗಳು ಎಳೆದಾಡಿ ಪ್ರಜ್ಞೆ ಹೋಗುತ್ತದೆ. ಮೆದುಳಿನ ಮೇಲ್ಭಾಗದ ರಕ್ತನಾಳ ಹರಿದರೆ ಒಳಗೇ ರಕ್ತಸ್ರಾವ. ಹೆಲ್ಮೆಟ್‌ನಂಥ ತಲೆಗವಸು ಹುಬ್ಬು ಒಡೆಯುವುದನ್ನು ತಪ್ಪಿಸುತ್ತದೆ, ಒಳಗಿನ ತಿರುಚುವಿಕೆಯನ್ನು ತಡೆಯಲಾರದು. ಪುರುಷರ ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ 2016ರ ರಿಯೊದಿಂದ ತಲೆಗವಸನ್ನೇ ಬಿಟ್ಟಿದ್ದಾರೆ.

ಕರಾಟೆಯಿಂದ ಬಂದವರಿಗೆ ಇದು ಏಕೆ ವಿಶೇಷವಾಗಿ ಮುಖ್ಯ? ದೇಹ ಗಟ್ಟಿ, ಒದೆತ ಚೆನ್ನಾಗಿದೆ, ಸೊಂಟದಲ್ಲಿ ಬ್ಲ್ಯಾಕ್ ಬೆಲ್ಟ್ ಇದೆ. ನೋಡಿದವರಿಗೂ, ತನಗೂ ಸಿದ್ಧ ಎನಿಸುತ್ತದೆ. ತರಬೇತುದಾರರಿಗೂ ಬೇಗ ಪಂದ್ಯಕ್ಕೆ ಇಳಿಸುವ ಆಸೆ. ಆದರೆ ಮುಖಕ್ಕೆ ಬರುವ ಕೈಯನ್ನು ಓದುವ ವಿಷಯದಲ್ಲಿ ಮಾತ್ರ ಅವರು ಮೊದಲ ದಿನದ ವಿದ್ಯಾರ್ಥಿ. ಬೇರೆಲ್ಲದರಲ್ಲಿ ಮುಂದಿದ್ದು ಇದೊಂದರಲ್ಲಿ ಹಿಂದಿರುವುದು, ಎಲ್ಲದರಲ್ಲೂ ಹೊಸಬರಾಗಿರುವುದಕ್ಕಿಂತ ಅಪಾಯ ಎಂದು ನನಗನಿಸುತ್ತದೆ. ಹೊಸಬರಿಗೆ ಹೊಸಬರನ್ನೇ ಎದುರಾಳಿಯಾಗಿ ಕೊಡುತ್ತಾರೆ. ಬ್ಲ್ಯಾಕ್ ಬೆಲ್ಟ್‌ಗೆ ಅನುಭವಿಯನ್ನು ಕೊಡುತ್ತಾರೆ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಇಪ್ಪತ್ತರ ಹರೆಯದ ಯುವಕನೊಬ್ಬ ಮುಖಕ್ಕೆ ಪೆಟ್ಟು ಬಿದ್ದು ರಿಂಗಿನಲ್ಲೇ ಕುಸಿದ. ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ಆರೋಪಿಸಿದರು, ಪೊಲೀಸರು ಆಯೋಜಕರ ಮೇಲೆ ಪ್ರಕರಣ ದಾಖಲಿಸಿದರು. ಆ ವಿಡಿಯೊ ಕೂಡ ಗ್ರೂಪುಗಳಲ್ಲಿ ಓಡಾಡಿತು, ‘ಒಂದೇ ಪಂಚ್’ ಎಂಬ ಶೀರ್ಷಿಕೆಯ ಧಾಟಿಯಲ್ಲಿ. ಒಂದು ಮನೆಯ ಮಗನ ಕೊನೆಯ ಕ್ಷಣ ಅದು. ದಯವಿಟ್ಟು ಅಂಥದ್ದನ್ನು ಮುಂದೆ ಕಳಿಸಬೇಡಿ.

ಕಳಿಸಬೇಕಾದ ಮಾಹಿತಿ ಬೇರೆ ಇದೆ. ನಾಕ್‌ಔಟ್ ಆದವರನ್ನು ಮುಖಕ್ಕೆ ನೀರು ಎರಚಿ ಎಬ್ಬಿಸಿ ಕೂರಿಸುವುದು ನಮ್ಮ ಕಡೆ ರೂಢಿ. ಅದು ತಪ್ಪು. ಕುತ್ತಿಗೆ ಅಲ್ಲಾಡದಂತೆ ಮಲಗಿಸಿ, ಉಸಿರಾಟ ನೋಡಬೇಕು. ಎದ್ದು ಮಾತಾಡಿದರೂ ನಂಬುವಂತಿಲ್ಲ: ತಲೆಯೊಳಗೆ ರಕ್ತಸ್ರಾವ ಇದ್ದಾಗ ಕೆಲವರು ಮೊದಲು ಚೆನ್ನಾಗಿದ್ದು, ಕೆಲವು ಗಂಟೆಗಳ ಮೇಲೆ ಕುಸಿಯುತ್ತಾರೆ. ಹೆಚ್ಚುತ್ತಾ ಹೋಗುವ ತಲೆನೋವು, ವಾಂತಿ, ಅತಿಯಾದ ನಿದ್ದೆ, ತೊದಲು ಮಾತು, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಇವುಗಳಲ್ಲಿ ಯಾವುದು ಕಂಡರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು. ‘ಮಲಗಿ ಎದ್ದರೆ ಸರಿಹೋಗುತ್ತೆ’ ಎಂದು ಕಾಯುವ ಹೊತ್ತಲ್ಲ ಅದು.

ಮಗ ಅಥವಾ ಮಗಳು ಕರಾಟೆಯಿಂದ ಕಿಕ್‌ಬಾಕ್ಸಿಂಗ್‌ಗೆ ಹೋಗುತ್ತೇನೆ ಎಂದರೆ ಬೇಡ ಎನ್ನಬೇಕಾಗಿಲ್ಲ. ಹವ್ಯಾಸಿ ಕಿಕ್‌ಬಾಕ್ಸಿಂಗ್‌ನಲ್ಲಿ ಲಘು ಸ್ಪರ್ಶದ, ಸೊಂಟದ ಮೇಲಷ್ಟೇ ಹೊಡೆಯುವ, ತೊಡೆಗೂ ಒದೆಯುವ ಹೀಗೆ ಹಲವು ವಿಭಾಗಗಳಿವೆ. ಅಂಕಗಳ ಕರಾಟೆಯಿಂದ ಬಂದವರು ಲಘು ಸ್ಪರ್ಶದಿಂದ ಶುರು ಮಾಡಬಹುದು. ಜಿಮ್‌ನಲ್ಲಿ ವಾರಕ್ಕೆ ಎಷ್ಟು ದಿನ ತಲೆಗೆ ಜೋರಾಗಿ ಹೊಡೆದಾಡಿಸುತ್ತಾರೆ ಎಂದು ಕೇಳಿ. ‘ದಿನಾ’ ಎಂದರೆ ಬೇರೆ ಜಿಮ್ ನೋಡಿ. ಪಂದ್ಯದ ದಿನ ರಿಂಗಿನ ಪಕ್ಕ ವೈದ್ಯರು, ಹೊರಗೆ ಆಂಬ್ಯುಲೆನ್ಸ್ ಇದೆಯೇ, ಹತ್ತಿರದ ನ್ಯೂರೊ ಆಸ್ಪತ್ರೆ ಯಾವುದು ಎಂದು ಆಯೋಜಕರನ್ನು ಮುಂಚೆಯೇ ಕೇಳಿ. ನಾಕ್‌ಔಟ್ ಆದವರು ವೈದ್ಯರು ಒಪ್ಪುವ ತನಕ ತಲೆಗೆ ಹೊಡೆತ ಬೀಳುವ ಯಾವ ಅಭ್ಯಾಸಕ್ಕೂ ಇಳಿಯಬಾರದು. ಮುಂದಿನ ಭಾನುವಾರದ ಕರಾಟೆ ಟೂರ್ನಿಯೂ ಅದರಲ್ಲಿ ಸೇರುತ್ತದೆ. ಎರಡೂ ಆಟ ಆಡುವವರು ಕಿಕ್‌ಬಾಕ್ಸಿಂಗ್‌ನಲ್ಲಿ ಬಿದ್ದದ್ದನ್ನು ಕರಾಟೆ ಗುರುಗಳಿಗೆ ಹೇಳುವುದೇ ಇಲ್ಲ; ಅವರಿಗೆ ತಿಳಿಸುವ ಕೆಲಸವನ್ನು ಮನೆಯವರು ವಹಿಸಿಕೊಂಡರೆ ಒಳ್ಳೆಯದು.